ಹಿಮ ಬೀಳುವ ಮೊದಲೇ ಗಟರ್ ಕೆಲಸ ಮುಗಿಸಿ: ಚಳಿ ಪ್ರದೇಶದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಒಂದು ಸಲ ಚಳಿಗಾಲ ಕಳೆದ ಮೇಲೆ ನಮ್ಮ ಮನೆಯ ಮೂಲೆಯ ಡೌನ್‌ಸ್ಪೌಟ್ (ಸೂರಿನ ಉದ್ದಕ್ಕೂ ಇರುವ ದೋಣಿ, ಅಂದರೆ ಗಟರಿನ ನೀರನ್ನು ನೆಲಕ್ಕೆ ಇಳಿಸುವ ಪೈಪು) ಬಿಚ್ಚಿದೆ. ಪೈಪಿನ ಹಿಂಬದಿಯ ಜೋಡಣೆ ಒಂದು ಗೇಣು ಉದ್ದಕ್ಕೆ ಸೀಳಿತ್ತು. ಕೆಳಗಿನ ತಿರುವಿನೊಳಗೆ ಕೈ ಹಾಕಿದರೆ ಮುಷ್ಟಿ ಗಾತ್ರದ ಮುದ್ದೆ ಸಿಕ್ಕಿತು. ಕೊಳೆತ ಎಲೆ, ಪೈನ್ ಮರದ ಸೂಜಿ, ಮಾಡಿನ ಹೊದಿಕೆಯಾದ ಶಿಂಗಲ್‌ನಿಂದ ಉದುರಿದ ಮರಳು, ಎಲ್ಲದಕ್ಕೂ ಅಡ್ಡವಾಗಿ ಕೂತಿದ್ದ ಒಂದು ಕಡ್ಡಿ. ಆ ಕಡ್ಡಿ ಕಿರುಬೆರಳಿಗಿಂತ ಸಣ್ಣದು. ಅದು ಎಲೆಯನ್ನು ತಡೆಯಿತು, ಎಲೆ ನೀರನ್ನು ತಡೆಯಿತು, ನಿಂತ ನೀರು ರಾತ್ರಿ ಹೆಪ್ಪುಗಟ್ಟಿತು. ನೀರು ಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮುಚ್ಚಿದ ಪೈಪಿನೊಳಗೆ ಹಿಗ್ಗಲು ಜಾಗ ಎಲ್ಲಿದೆ? ತಗಡೇ ಬಾಯಿ ಬಿಡಬೇಕು.

ಅಂದಿನಿಂದ ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದೇನೆ. ಗಟರಿನ ಚಳಿಗಾಲದ ಕೆಲಸವೆಲ್ಲ ಶರತ್ಕಾಲದಲ್ಲೇ ಮುಗಿಯಬೇಕು. ಹಿಮ ಕೂತ ಮೇಲೆ ಅಲ್ಲಿ ಕೈ ಹಾಕಿ ಮಾಡುವಂಥದ್ದು ಬಹಳ ಕಡಿಮೆ, ಕೆಡಿಸಿಕೊಳ್ಳುವುದೇ ಜಾಸ್ತಿ. ಗಟರ್ ಚೊಕ್ಕಟವಾಗಿದ್ದೂ ಸೂರಿನ ಅಂಚಿನಲ್ಲಿ ದಪ್ಪ ಗಡ್ಡೆ ಬೆಳೆಯುತ್ತಿದ್ದರೆ ಏಣಿ ತರಬೇಡಿ, ಅಟ್ಟ ಹತ್ತಿ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಷ್ಟು ನೀರಿನ ಮಾತು ಇದು?

100 ಚದರ ಮೀಟರ್ ಮಾಡಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ 2,500 ಲೀಟರ್ ನೀರು. ಇದಕ್ಕೆ ದಾರಿ ಇಲ್ಲದಿದ್ದರೆ ಅಷ್ಟೂ ಗೋಡೆಯ ಬುಡಕ್ಕೇ ಬೀಳುತ್ತದೆ.

ಬೆಚ್ಚಗಿನ ಊರಿನಲ್ಲಿ ಆ ಮಣ್ಣು ಒಂದೆರಡು ದಿನದಲ್ಲಿ ಒಣಗುತ್ತದೆ. ಚಳಿಯ ಜಾಗದಲ್ಲಿ ನೆನೆದ ಮಣ್ಣು ಹಾಗೇ ಹೆಪ್ಪುಗಟ್ಟಿ ಉಬ್ಬುತ್ತದೆ, ನೆಲಮಾಳಿಗೆಯ ಗೋಡೆಯನ್ನು ಒತ್ತುತ್ತದೆ. ಸಣ್ಣ ಬಿರುಕಿಗೆ ನೀರು ಇಳಿದು, ಗಡ್ಡೆಯಾಗಿ, ಕರಗಿ, ಮತ್ತೆ ಗಡ್ಡೆಯಾಗಿ ಪ್ರತಿ ಸಲವೂ ಬಿರುಕು ಅಗಲ ಮಾಡುತ್ತದೆ. ಗಟರನ್ನು ಸುಮ್ನೆ ಒಂದು ತಗಡಿನ ಪಟ್ಟಿ ಅಂದುಕೊಂಡವರಿಗೆ ಇದು ಕಾಣುವುದೇ ಇಲ್ಲ. ಅಡಿಪಾಯ ರಿಪೇರಿಗೆ ಬಂದಾಗ ಕಾಣುತ್ತದೆ.

ಯಾವಾಗ ಮಾಡಬೇಕು?

ವರ್ಷಕ್ಕೆ ಎರಡು ಸಲ ಸಾಕು. ಎಲೆ ಪೂರ್ತಿ ಉದುರಿದ ಮೇಲೆ, ಆದರೆ ನೀರು ಹೆಪ್ಪುಗಟ್ಟುವ ಚಳಿ ಶುರುವಾಗುವ ಮೊದಲು ಒಂದು ಸಲ. ಹಿಮ ಕರಗಿದ ಮೇಲೆ ಇನ್ನೊಂದು ಸಲ. ಮೊದಲನೆಯದರಲ್ಲಿ ಆತುರ ಬೇಡ. ಅರ್ಧ ಎಲೆ ಮರದಲ್ಲೇ ಇರುವಾಗ ಗುಡಿಸಿದರೆ ಮತ್ತೆ ಏಣಿ ಹತ್ತಬೇಕು. ಓಕ್ ಮರಗಳು ಎಲೆಯನ್ನು ತಡವಾಗಿ ಬಿಡುತ್ತವೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮನೆಗೆ ಪೈನ್ ಮರ ತಾಗಿಕೊಂಡಿದ್ದರೆ ಎರಡು ಸಲ ಸಾಲದು. ಅದರ ಸೂಜಿ ವರ್ಷವಿಡೀ ಉದುರುತ್ತದೆ, ಮೂರು ತಿಂಗಳಿಗೊಮ್ಮೆ ನೋಡಬೇಕು.

ಏಣಿ ಹತ್ತುವ ಮೊದಲು

ಈ ಕೆಲಸದಲ್ಲಿ ಗಟರಿಗಿಂತ ಮುಖ್ಯವಾದದ್ದು ನೀವು ಬೀಳದೇ ಇರುವುದು. ಏಣಿ ನಾಲ್ಕು ಅಡಿ ಮೇಲೆ ಹೋದರೆ ಬುಡ ಒಂದು ಅಡಿ ಗೋಡೆಯಿಂದ ದೂರ ಇರಬೇಕು. ಸೂರು 12 ಅಡಿ ಎತ್ತರದಲ್ಲಿದ್ದರೆ ಬುಡ 3 ಅಡಿ ಆಚೆ. ನೆಲ ಗಟ್ಟಿ, ಸಮ, ಒಣಗಿರಬೇಕು. ಗಟರಿನ ಮೇಲೇ ಏಣಿ ಒರಗಿಸಬೇಡಿ, ತಗಡು ನೆಗ್ಗುತ್ತದೆ, ಏಣಿ ಪಕ್ಕಕ್ಕೆ ಜಾರುತ್ತದೆ. ಏಣಿಯ ತುದಿಗೆ ಸಿಕ್ಕಿಸಿ ಗೋಡೆಗೆ ಒರಗಿಸುವ ಅಗಲದ ಕೈಗಳು ಸಿಗುತ್ತವೆ, ಅದನ್ನು ಹಾಕಿಕೊಳ್ಳಿ.

ಬಗ್ಗಿ ಬಗ್ಗಿ ದೂರಕ್ಕೆ ಕೈ ಚಾಚುವ ಆಸೆ ಬರುತ್ತದೆ. ನಿಮ್ಮ ಬೆಲ್ಟಿನ ಬಕಲ್ ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಅದು ಆಚೆ ಹೋಗುತ್ತಿದೆ ಅಂದರೆ ಕೆಳಗಿಳಿದು ಏಣಿ ಸರಿಸುವ ಸಮಯ. ಕರೆಂಟ್ ತಂತಿಯಿಂದ ಕನಿಷ್ಠ 3 ಮೀಟರ್ ದೂರ ಇರಿ. ಕೆಳಗೆ ಒಬ್ಬರು ನಿಂತಿರಲಿ. ಎರಡು ಮಹಡಿ ಇದ್ದು ನೆಲವೂ ಇಳಿಜಾರಾಗಿದ್ದರೆ ಈ ಕೆಲಸ ಗೊತ್ತಿರುವವರನ್ನೇ ಕರೆಸಿ. ಅದಕ್ಕೆ ಕೊಡುವ ಹಣ ದಂಡವಲ್ಲ.

ಶುಚಿ ಮಾಡುವ ಕ್ರಮ

1. ದಪ್ಪ ಕೈಗವಸು ಹಾಕಿ. ಗಟರಿನ ಒಳಗೆ ಸ್ಕ್ರೂ ತುದಿಗಳು ಚಾಚಿಕೊಂಡಿರುತ್ತವೆ. ಕಣ್ಣಿಗೆ ಕನ್ನಡಕವೂ ಇರಲಿ.

2. ಡೌನ್‌ಸ್ಪೌಟ್ ಬಾಯಿಂದ ಶುರುಮಾಡಿ. ಅದರ ಸುತ್ತ ಇರುವ ಕಸವನ್ನು ಮೊದಲು ಕೈಯಲ್ಲೇ ಎತ್ತಿ. ನೇರ ನೀರು ಬಿಟ್ಟರೆ ಕಸವೆಲ್ಲ ಪೈಪಿನೊಳಗೆ ಹೋಗಿ ತುಂಬಿಕೊಳ್ಳುತ್ತದೆ.

3. ಅಲ್ಲಿಂದ ದೂರಕ್ಕೆ ಹೋಗುತ್ತಾ ಪ್ಲಾಸ್ಟಿಕ್ ಕರಣೆಯಿಂದ ಕಸ ಎತ್ತಿ ಬಕೆಟ್ಟಿಗೆ ಹಾಕಿ. ಲೋಹದ ಕರಣೆ ಒಳಗಿನ ಬಣ್ಣ ಕೆರೆಯುತ್ತದೆ. ಕಸ ಸ್ವಲ್ಪ ಒದ್ದೆ ಇರುವಾಗ ಎತ್ತುವುದು ಸುಲಭ, ಪೂರ್ತಿ ಒಣಗಿದ್ದರೆ ತಗಡಿಗೆ ಅಂಟಿಕೊಂಡಿರುತ್ತದೆ.

4. ಕೊನೆಗೆ ದೂರದ ತುದಿಯಿಂದ ಡೌನ್‌ಸ್ಪೌಟ್ ಕಡೆಗೆ ಹೋಸ್ ಪೈಪಿನಲ್ಲಿ ನೀರು ಬಿಡಿ. ಆಗ ಬರೀ ತೊಳೆಯುವುದಲ್ಲ, ನೋಡಬೇಕು. ನೀರು ಎಲ್ಲಿ ನಿಲ್ಲುತ್ತಿದೆ, ಎಲ್ಲಿ ತೊಟ್ಟಿಕ್ಕುತ್ತಿದೆ, ಎಲ್ಲಿ ಹಿಂಬದಿಯ ಹಲಗೆಗೆ ಹರಿಯುತ್ತಿದೆ. ಆ ಜಾಗಕ್ಕೆಲ್ಲ ಬಣ್ಣದ ಟೇಪಿನ ಒಂದು ತುಂಡು ಅಂಟಿಸಿ.

ಕಸದಲ್ಲಿ ಕಪ್ಪು ಮರಳಿನಂಥ ಕಾಳು ಕಾಣುತ್ತದೆ, ಅದು ಆಸ್ಫಾಲ್ಟ್ ಶಿಂಗಲ್‌ನದ್ದು. ಸ್ವಲ್ಪ ಇದ್ದರೆ ಸಹಜ. ಹಳೆಯ ಮಾಡಿನಿಂದ ಹಿಡಿ ಹಿಡಿ ಬರುತ್ತಿದ್ದರೆ ಮಾಡಿನ ಆಯಸ್ಸು ಮುಗಿಯುತ್ತಾ ಬಂದಿದೆ.

ಕೆಲಸ ಮುಗಿದ ಮೇಲೆ ಹೋಸ್ ಪೈಪನ್ನು ನಲ್ಲಿಯಿಂದ ಬಿಚ್ಚಿ ಒಳಗಿನ ನೀರು ಸುರಿದುಬಿಡಿ. ಸಿಕ್ಕಿಸಿಯೇ ಬಿಟ್ಟರೆ ರಾತ್ರಿಯ ಚಳಿಗೆ ನಲ್ಲಿ ಒಡೆಯುತ್ತದೆ.

ಡೌನ್‌ಸ್ಪೌಟ್: ಇಲ್ಲಿ ಸ್ವಲ್ಪ ನಿಲ್ಲೋಣ

ಹೆಚ್ಚಿನವರು ಗಟರ್ ಗುಡಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಚಳಿಗೆ ಮೊದಲು ಸೋಲುವುದು ಈ ಪೈಪು. ಗಟರ್ ತೆರೆದ ದೋಣಿ, ಅದರಲ್ಲಿ ಹೆಪ್ಪುಗಟ್ಟಿದ ನೀರು ಮೇಲಕ್ಕೆ ಉಬ್ಬಬಹುದು. ಪೈಪಿಗೆ ಆ ಅನುಕೂಲ ಇಲ್ಲ.

ಮೇಲಿನಿಂದ ನೀರು ಬಿಟ್ಟಾಗ ಕೆಳಗೆ ಅದೇ ವೇಗದಲ್ಲಿ ಬರಬೇಕು. ಸಣ್ಣ ಧಾರೆಯಾಗಿ ಬಂದರೆ ಎಲ್ಲೋ ಕಟ್ಟಿದೆ. ಬೆರಳ ಗೆಣ್ಣಿನಿಂದ ಪೈಪನ್ನು ಮೇಲಿನಿಂದ ಕೆಳಗೆ ತಟ್ಟುತ್ತಾ ಬನ್ನಿ. ಖಾಲಿ ಇದ್ದಲ್ಲಿ ಟೊಳ್ಳು ಸದ್ದು, ಕಸ ಇದ್ದಲ್ಲಿ ಮಂಕು ಸದ್ದು. ಸಾಮಾನ್ಯವಾಗಿ ತಿರುವುಗಳಲ್ಲೇ ಸಿಗುತ್ತದೆ. ಸೂರಿನ ಹತ್ತಿರ ಎರಡು ತಿರುವು, ನೆಲದ ಹತ್ತಿರ ಒಂದು. ಎಲ್ಬೋವನ್ನು, ಅಂದರೆ ತಿರುವಿನ ತುಂಡನ್ನು ಹಿಡಿದಿರುವುದು ಎರಡು ಮೂರು ಸಣ್ಣ ಸ್ಕ್ರೂ ಅಷ್ಟೇ. ಬಿಚ್ಚಿ, ಕಸ ತೆಗೆದು, ಮತ್ತೆ ಹಾಕಿ. ನೀರಿನ ಒತ್ತಡ ಕೊಟ್ಟು ಮೇಲಿನಿಂದ ನೂಕುವುದಕ್ಕಿಂತ ಇದು ಒಳ್ಳೆಯದು, ನೂಕಿದರೆ ಮುದ್ದೆ ಇನ್ನೂ ಬಿಗಿಯಾಗುತ್ತದೆ. ಬಿಚ್ಚಲು ಆಗದಿದ್ದರೆ ಕೆಳಗಿನಿಂದ ಹೋಸ್ ತೂರಿಸಿ ನೀರು ಬಿಡಿ, ಇಲ್ಲವೇ ಪ್ಲಂಬರ್‌ಗಳು ಬಳಸುವ ಸುರುಳಿ ತಂತಿ ಬಿಟ್ಟು ತಿರುಗಿಸಿ.

ಮತ್ತೆ ಜೋಡಿಸುವಾಗ ಮೇಲಿನ ತುಂಡು ಯಾವಾಗಲೂ ಕೆಳಗಿನ ತುಂಡಿನ ಒಳಗೆ ಕೂರಬೇಕು. ತಿರುಗುಮುರುಗು ಆದರೆ ಪ್ರತಿ ಜೋಡಣೆಯಲ್ಲೂ ನೀರು ಹೊರಗೆ ಸುರಿದು ಗೋಡೆಯ ಮೇಲೆ ಗಡ್ಡೆ ಕಟ್ಟುತ್ತದೆ.

ಹೊಸ ಪೈಪು ಹಾಕಿಸುವುದಾದರೆ ಎರಡು ಮಾತು. ಮೈಯೆಲ್ಲ ಮಡಿಕೆ ಇರುವ ಪೈಪು ತೆಗೆದುಕೊಳ್ಳಿ. ಒಳಗೆ ಗಡ್ಡೆಯಾದಾಗ ಆ ಮಡಿಕೆಗಳು ಸ್ವಲ್ಪ ಬಿಚ್ಚಿಕೊಂಡು ಹಿಗ್ಗಲು ಜಾಗ ಕೊಡುತ್ತವೆ. ಹಾಗೆಯೇ 2×3 ಇಂಚಿನ ಬದಲು 3×4 ಇಂಚಿನದ್ದು ಹಾಕಿಸಿ. ಅದರ ಬಾಯಿ ಸರಿಯಾಗಿ ಎರಡರಷ್ಟು, ಎಲೆ ಸಿಕ್ಕಿಕೊಳ್ಳುವುದು ಎಷ್ಟೋ ಕಡಿಮೆ.

ವಾಟ ಮತ್ತು ಹಿಡಿಕೆ

ನೀರು ನಿಲ್ಲುತ್ತಿದೆ ಅಂದರೆ ವಾಟ ಸರಿ ಇಲ್ಲ. ಪ್ರತಿ 3 ಮೀಟರಿಗೆ ಸುಮಾರು 6 ಮಿ.ಮೀ. ಇಳಿತ ಬೇಕು. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ನೀರಿಗೆ ಅಷ್ಟು ಸಾಕು. ಎರಡು ತುದಿಗೆ ದಾರ ಕಟ್ಟಿ, ರಸಮಟ್ಟ ಹಿಡಿದು ನೋಡಿ. ಗಟರ್ ನಡುವೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ಗಟರನ್ನು ಹಲಗೆಗೆ ಹಿಡಿದಿಡುವ ಹಿಡಿಕೆ ಸಡಿಲವಾಗಿದೆ.

ಒಂದು ಲೆಕ್ಕ ನೋಡಿ. 12 ಸೆಂ.ಮೀ. ಅಗಲ, 8 ಸೆಂ.ಮೀ. ಆಳದ ಗಟರ್ ಪೂರ್ತಿ ಗಡ್ಡೆ ತುಂಬಿಕೊಂಡರೆ ಮೀಟರಿಗೆ ಹೆಚ್ಚುಕಡಿಮೆ 8.8 ಕಿಲೋ. 10 ಮೀಟರಿಗೆ 88 ಕಿಲೋ. ಒಬ್ಬ ದೊಡ್ಡ ಆಳು ವಾರಗಟ್ಟಲೆ ನಿಮ್ಮ ಗಟರಿನಲ್ಲಿ ಮಲಗಿದ ಹಾಗೆ. ಅದಕ್ಕೇ ಹಿಡಿಕೆಗಳ ಅಂತರ ಇಲ್ಲಿ ಮುಖ್ಯ. ಹಿಮ ಕಡಿಮೆ ಇರುವ ಕಡೆ 60 ಸೆಂ.ಮೀ.ಗೆ ಒಂದು ನಡೆಯುತ್ತದೆ. ಹಿಮ ಬೀಳುವ ಕಡೆ 40ರಿಂದ 45 ಸೆಂ.ಮೀ.ಗೆ ಒಂದು ಬೇಕು, ಭಾರೀ ಹಿಮ ಇದ್ದರೆ 30ಕ್ಕೆ ಒಂದು.

ಹಳೆಯ ಮನೆಗಳಲ್ಲಿ ಉದ್ದ ಮೊಳೆ ಹೊಡೆದು ಗಟರ್ ನಿಲ್ಲಿಸಿರುತ್ತಾರೆ. ಮರ ಹಿಗ್ಗಿ ಕುಗ್ಗಿ ಆ ಮೊಳೆಗಳು ವರ್ಷವರ್ಷ ಹೊರಗೆ ಬರುತ್ತವೆ. ಮತ್ತೆ ಸುತ್ತಿಗೆಯಿಂದ ಹೊಡೆದು ಪ್ರಯೋಜನವಿಲ್ಲ, ತೂತು ಆಗಲೇ ಸಡಿಲವಾಗಿದೆ. ಸ್ಕ್ರೂ ಹಾಕುವ ಒಳ ಹಿಡಿಕೆಗಳನ್ನು ಬೇರೆ ಜಾಗದಲ್ಲಿ ಹಾಕಿ. ಹಾಕುವ ಮೊದಲು ಹಿಂಬದಿಯ ಫ್ಯಾಸಿಯಾ ಹಲಗೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಹಲಗೆ ಕೊಳೆತಿದೆ. ಮೊದಲು ಹಲಗೆ ಬದಲಾಯಿಸಬೇಕು, ಕೊಳೆತ ಮರದಲ್ಲಿ ಯಾವ ಸ್ಕ್ರೂವೂ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ನೋಡಿ. ಮಾಡಿನ ಇಳಿಜಾರಿನ ಮೇಲೆ ಉದ್ದ ಕೋಲು ಇಟ್ಟು ಸೂರಿನ ಆಚೆಗೆ ಚಾಚಿದರೆ ಗಟರಿನ ಮುಂದಿನ ತುಟಿ ಆ ಕೋಲಿಗಿಂತ ಕೆಳಗೆ ಇರಬೇಕು. ಮೇಲಿದ್ದರೆ ಜಾರಿ ಬರುವ ಹಿಮ ನೇರ ಗಟರಿಗೆ ಬಡಿದು ಕಿತ್ತುಹಾಕುತ್ತದೆ.

ಸೋರಿಕೆ

ಅಲ್ಯೂಮಿನಿಯಂ ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುತ್ತದೆ. 12 ಮೀಟರ್ ಉದ್ದದ ಗಟರ್ ಬೇಸಿಗೆಯ 30 ಡಿಗ್ರಿಯಿಂದ ಚಳಿಗಾಲದ ಮೈನಸ್ 20 ಡಿಗ್ರಿಗೆ ಇಳಿದರೆ ಸುಮಾರು 14 ಮಿ.ಮೀ. ಗಿಡ್ಡವಾಗುತ್ತದೆ. ಪ್ಲಾಸ್ಟಿಕ್ಕಿನದ್ದು ಇನ್ನೂ ಜಾಸ್ತಿ, ಜೊತೆಗೆ ಚಳಿಯಲ್ಲಿ ಪೆಡಸಾಗಿ ಒಡೆಯುತ್ತದೆ. ಜೋಡಣೆಗಳು ಬಿಡುವುದು ಇದೇ ಕಾರಣಕ್ಕೆ. ಹಾಗಾಗಿ ಹಾಕುವ ಅಂಟು ರಬ್ಬರಿನ ಹಾಗೆ ಎಳೆದಾಡುವಂಥದ್ದು ಇರಬೇಕು. ಗಟರಿಗೆಂದೇ ಮಾಡಿದ ಸೀಲೆಂಟ್ ತನ್ನಿ. ಹಳೆಯದನ್ನು ಪೂರ್ತಿ ಕೆರೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಳಬದಿಯಿಂದ ಬಳಿಯಿರಿ. ಹಳೆಯದರ ಮೇಲೇ ಹೊಸದು ಬಳಿದರೆ ಒಂದು ಚಳಿಗಾಲವೂ ನಿಲ್ಲುವುದಿಲ್ಲ. ತೀರಾ ಚಳಿಯಲ್ಲಿ ಸೀಲೆಂಟ್ ಹಿಡಿಯುವುದಿಲ್ಲ, ಡಬ್ಬದ ಮೇಲೆ ಬರೆದ ಉಷ್ಣಾಂಶ ನೋಡಿ. ಇದೂ ಶರತ್ಕಾಲದ ಕೆಲಸ ಅನ್ನುವುದು ಇದಕ್ಕೇ.

ನೀರು ಕೊನೆಗೆ ಎಲ್ಲಿಗೆ?

ಡೌನ್‌ಸ್ಪೌಟ್ ನೀರು ಗೋಡೆಯಿಂದ ಕನಿಷ್ಠ 2 ಮೀಟರ್ ದೂರ ಬೀಳಲಿ, ಅಲ್ಲಿಂದ ಮುಂದೆ ನೆಲ ಇಳಿಜಾರಾಗಿರಲಿ. ಆದರೆ ನಡೆಯುವ ದಾರಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಬಿಡಬೇಡಿ. ಹಗಲು ಕರಗಿದ ನೀರು ಅಲ್ಲಿ ಹರಡಿಕೊಂಡು ರಾತ್ರಿ ಗಾಜಿನಂತೆ ಕೂರುತ್ತದೆ. ಬೆಳಿಗ್ಗೆ ಮೊದಲು ಹೊರಗೆ ಕಾಲಿಡುವವರು ಮನೆಯ ಹಿರಿಯರೇ ಆಗಿರಬಹುದು.

ನೆಲದೊಳಗಿನ ಪೈಪಿಗೆ ಸೇರಿಸಿದ್ದರೆ ಅದು ಹೆಪ್ಪುಗಟ್ಟಿ ಮುಚ್ಚಿಕೊಳ್ಳುವ ಸಾಧ್ಯತೆ ಇದೆ. ಒಂದು ಸಲ ಹಾಗಾಗಿದ್ದರೆ ಚಳಿಗಾಲಕ್ಕೆ ಅದನ್ನು ಬಿಚ್ಚಿ, ನೆಲದ ಮೇಲೆ ಉದ್ದ ಪೈಪು ಹಾಕಿ ನೀರು ದೂರ ಬಿಡಿ. ಮಳೆನೀರು ಹಿಡಿಯುವ ಡ್ರಮ್ ಇದ್ದರೆ ಖಾಲಿ ಮಾಡಿ, ಬೋರಲು ಹಾಕಿ, ಪೈಪನ್ನು ಮತ್ತೆ ನೇರ ಮಾಡಿ.

ಗಡ್ಡೆಯ ಕಟ್ಟೆ ಹುಟ್ಟುವುದು ಅಟ್ಟದಲ್ಲಿ

ಸೂರಿನ ಅಂಚಿನಲ್ಲಿ ದಪ್ಪ ಗಡ್ಡೆ ಕಟ್ಟುವುದಕ್ಕೆ ಐಸ್ ಡ್ಯಾಮ್ ಅನ್ನುತ್ತಾರೆ. ಗಟರ್ ಕಟ್ಟಿಕೊಂಡಿದ್ದರಿಂದಲೇ ಇದು ಆಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಕಸ ಇದ್ದರೆ ಜಾಸ್ತಿಯಾಗುತ್ತದೆ, ನಿಜ. ಆದರೆ ಗಟರೇ ಇಲ್ಲದ ಮನೆಯಲ್ಲೂ ಇದು ಕಟ್ಟುತ್ತದೆ, ಅಲ್ವಾ?

ಆಗುವುದು ಹೀಗೆ. ಮನೆಯ ಬಿಸಿ ಗಾಳಿ ಸೀಲಿಂಗಿನ ಸಣ್ಣ ಸಂದುಗಳಿಂದ ಅಟ್ಟಕ್ಕೆ ಏರುತ್ತದೆ. ಮಾಡಿನ ಹಲಗೆ ಬೆಚ್ಚಗಾಗುತ್ತದೆ. ಮೇಲಿನ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಹಿಮದ ಕೆಳಗೇ ಹರಿದು ಸೂರಿಗೆ ಬರುತ್ತದೆ. ಸೂರು ಗೋಡೆಯ ಆಚೆಗೆ ಚಾಚಿದೆ, ಅದರ ಕೆಳಗೆ ಬಿಸಿ ಕೋಣೆ ಇಲ್ಲ, ಹೊರಗಿನಷ್ಟೇ ತಣ್ಣಗಿದೆ. ನೀರು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನದಿನ ಕಟ್ಟೆ ಎತ್ತರವಾಗುತ್ತದೆ. ಹಿಂದೆ ನಿಂತ ನೀರು ಶಿಂಗಲ್‌ಗಳ ಅಡಿಗೆ ನುಗ್ಗಿ ಒಂದು ದಿನ ಕೋಣೆಯ ಗೋಡೆಯಲ್ಲಿ ಕಂದು ಕಲೆಯಾಗಿ ಕಾಣುತ್ತದೆ.

ನಿಮ್ಮ ಮನೆಯ ಬಿಸಿ ಎಲ್ಲಿ ಸೋರುತ್ತಿದೆ ಅಂತ ತಿಳಿಯಲು ಯಂತ್ರ ಬೇಡ. ತೆಳು ಹಿಮ ಬಿದ್ದ ಮರುದಿನ, ಬಿಸಿಲು ಏರುವ ಮೊದಲು ಹೊರಗೆ ನಿಂತು ಮಾಡು ನೋಡಿ. ಬೇರೆ ಕಡೆ ಬೆಳ್ಳಗಿದ್ದು ಒಂದು ತೇಪೆ ಮಾತ್ರ ಕರಗಿ ಕಪ್ಪಾಗಿದ್ದರೆ ಅದರ ಕೆಳಗೇ ಸಂದು ಇದೆ. ಫೋಟೊ ತೆಗೆದಿಟ್ಟುಕೊಳ್ಳಿ. ಒಳಗೆ ಬಂದು ಆ ಜಾಗದ ಸೀಲಿಂಗ್ ಹತ್ತಿರ ಊದುಬತ್ತಿ ಹಿಡಿಯಿರಿ. ಲೈಟಿನ ಸುತ್ತ, ಅಟ್ಟದ ಬಾಗಿಲಿನ ಅಂಚಿನಲ್ಲಿ ಹೊಗೆ ಮೇಲಕ್ಕೆ ಎಳೆದುಕೊಂಡು ಹೋದರೆ ಕಳ್ಳ ಸಿಕ್ಕ ಹಾಗೆ.

ಸರಿಪಡಿಸುವಾಗ ಕ್ರಮ ತಪ್ಪಬೇಡಿ. ಮೊದಲು ಸಂದು ಮುಚ್ಚಿ, ಆಮೇಲೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ ಹಾಕಿ. ಸಂದು ಬಿಟ್ಟು ಮೇಲೆ ಎಷ್ಟು ದಪ್ಪ ಹೊದಿಸಿದರೂ ಬಿಸಿ ಗಾಳಿ ನುಸುಳಿಕೊಂಡು ಹೋಗುತ್ತದೆ. ವೈರು, ಪೈಪು ಹಾದುಹೋಗುವ ತೂತುಗಳಿಗೆ ಫೋಮ್ ಸಾಕು. ಚಿಮಣಿಯ ಸುತ್ತ ಮಾತ್ರ ಫೋಮ್ ಬೇಡವೇ ಬೇಡ. ಅಲ್ಲಿ ತಗಡು ಮತ್ತು ಬೆಂಕಿ ತಡೆಯುವ ಸೀಲೆಂಟ್ ಬೇಕು. ಸೀಲಿಂಗಿನೊಳಗೆ ಕೂತ ಹಳೆಯ ಲೈಟುಗಳನ್ನೂ ನೇರ ಇನ್ಸುಲೇಷನ್ನಿನಿಂದ ಮುಚ್ಚಬೇಡಿ, ಮುಚ್ಚಬಹುದಾದ ಬಗೆಯದ್ದಾದರೆ ಮಾತ್ರ ಸರಿ. ಬಚ್ಚಲಿನ ಫ್ಯಾನ್ ಗಾಳಿ ಅಟ್ಟದೊಳಗೆ ಬಿಡುತ್ತಿದೆಯೇ ನೋಡಿ, ಅದರ ಪೈಪು ಮನೆಯ ಹೊರಗೇ ಮುಗಿಯಬೇಕು. ಸೂರಿನ ಕೆಳಗಿನ ಗಾಳಿ ಕಿಂಡಿಗಳನ್ನು ಇನ್ಸುಲೇಷನ್ ಮುಚ್ಚಿರಬಾರದು. ತಣ್ಣನೆಯ ಗಾಳಿ ಅಲ್ಲಿಂದ ಒಳಬಂದು ಮೇಲಿನಿಂದ ಹೋಗುತ್ತಿದ್ದರೆ ಮಾಡು ಉದ್ದಕ್ಕೂ ಒಂದೇ ಹದದಲ್ಲಿ ತಣ್ಣಗಿರುತ್ತದೆ.

ಹಿಮ ಬಿದ್ದ ಮೇಲೆ

ಗಟರಿನಲ್ಲಿ ಸ್ವಲ್ಪ ಗಡ್ಡೆ, ಅಲ್ಲಲ್ಲಿ ಸಣ್ಣ ಹಿಮಕಡ್ಡಿ ಇದ್ದರೆ ಹಾಗೇ ಬಿಡಿ. ಸುತ್ತಿಗೆ, ಕೊಡಲಿ, ಸಲಿಕೆ ಯಾವುದೂ ಬೇಡ. ಗಡ್ಡೆಯ ಜೊತೆ ಶಿಂಗಲ್ಲೂ ಒಡೆಯುತ್ತದೆ, ಗಟರೂ ಬರುತ್ತದೆ. ಬಿಸಿನೀರು ಸುರಿದರೆ ಅದೇ ನೀರು ಕೆಳಗೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ.

ಮಾಡಬಹುದಾದದ್ದು ರೂಫ್ ರೇಕ್, ಅಂದರೆ ಉದ್ದ ಹಿಡಿಯ ಹಿಮ ಗೋರುವ ಕೋಲು. ನೆಲದ ಮೇಲೇ ನಿಂತು ಸೂರಿನಿಂದ ಮೇಲಕ್ಕೆ ಒಂದು ಮೀಟರಿನಷ್ಟು ಹಿಮವನ್ನು ಮೆಲ್ಲಗೆ ಎಳೆಯಿರಿ. ಶಿಂಗಲ್ ಕೆರೆಯಬೇಡಿ, ಒಂದೆರಡು ಬೆರಳು ದಪ್ಪ ಹಿಮ ಉಳಿಯಲಿ. ಇದು ಲೋಹದ ಕೋಲು, ತಂತಿ ಇರುವ ಕಡೆ ಎತ್ತಬೇಡಿ. ಎಳೆದ ಹಿಮ ನಿಮ್ಮ ತಲೆಯ ಮೇಲೇ ಬೀಳದ ಹಾಗೆ ಪಕ್ಕಕ್ಕೆ ನಿಲ್ಲಿ.

ನೀರು ಒಳಗೆ ಸೋರುತ್ತಲೇ ಇದ್ದರೆ ಹಳೆಯ ಉದ್ದ ಕಾಲುಚೀಲಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಕಟ್ಟೆಗೆ ಅಡ್ಡವಾಗಿ, ತುದಿ ಗಟರಿನ ಮೇಲೆ ಇಳಿಬೀಳುವಂತೆ ಇಡಿ. ಅದು ಕರಗುತ್ತಾ ನೀರಿಗೆ ಒಂದು ಕಾಲುವೆ ಕೊರೆಯುತ್ತದೆ. ಇಡಲು ಜಾರುವ ಏಣಿ ಹತ್ತಬೇಕಾದರೆ ಬೇಡ. ಕಲ್ಲುಪ್ಪು ಬಳಸಬೇಡಿ, ತಗಡು ತಿನ್ನುತ್ತದೆ, ಗಿಡ ಸಾಯಿಸುತ್ತದೆ, ಕಡು ಚಳಿಯಲ್ಲಿ ಕೆಲಸವನ್ನೂ ಮಾಡುವುದಿಲ್ಲ. ಕಟ್ಟೆ ದೊಡ್ಡದಾಗಿದ್ದರೆ ಹಬೆಯಿಂದ ಕರಗಿಸುವವರನ್ನು ಕರೆಸಿ.

ಬಿಸಿ ಕೇಬಲ್ ಹಾಕಿಸುವುದು ಇನ್ನೊಂದು ದಾರಿ. ಅಟ್ಟ ಸರಿಮಾಡಲು ಆಗದ ಜಾಗಕ್ಕೆ ಮಾತ್ರ ಅದು ನನಗೆ ಒಪ್ಪಿಗೆ. ಹಾಕಿಸಿದರೆ ಸೂರು, ಗಟರ್, ಡೌನ್‌ಸ್ಪೌಟಿನ ತಳದವರೆಗೂ ಬರಬೇಕು. ನಡುವೆ ನಿಲ್ಲಿಸಿದರೆ ಕರಗಿದ ನೀರು ಅಲ್ಲೇ ಮತ್ತೆ ಗಡ್ಡೆಯಾಗುತ್ತದೆ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಬ್ರೇಕರ್ ಇರಲೇಬೇಕು.

ಗಟರ್ ಮೇಲಿನ ಜಾಲರಿ ಬಗ್ಗೆ ಬಹಳ ಜನ ಕೇಳುತ್ತಾರೆ. ಅಗಲ ಎಲೆಗೆ ಒಳ್ಳೆಯದು. ಪೈನ್ ಸೂಜಿ ಸಣ್ಣ ಕಣ್ಣಿನ ಜಾಲರಿಯ ಮೇಲೂ ಚಾಪೆಯಂತೆ ಕೂರುತ್ತದೆ, ಅದರ ಮೇಲೆ ಹಿಮ ಕೂರುತ್ತದೆ. ಜಾಲರಿ ಇದ್ದರೂ ವರ್ಷಕ್ಕೊಮ್ಮೆ ಎತ್ತಿ ನೋಡಲೇಬೇಕು.

ಹಿಮ ಕರಗಿದ ಮೇಲೆ

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಒಣ ದಿನದಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ. ಗಟರಿನ ಹಿಂದಿನಿಂದ ಇಳಿಯುವ ನೀರು, ಬಿಟ್ಟುಕೊಂಡ ಮೂಲೆ, ಗೋಡೆಯ ಬುಡದಲ್ಲಿ ನೀರು ಬಿದ್ದು ತೋಡಿದ ಗುಳಿ. ಡೌನ್‌ಸ್ಪೌಟಿನ ಹಿಂಬದಿಗೆ ಕೈ ಹಾಕಿ ಜೋಡಣೆಯ ಉದ್ದಕ್ಕೂ ಬೆರಳು ಸವರಿ. ಮುಂದಿನಿಂದ ಚೆನ್ನಾಗಿ ಕಾಣುವ ಪೈಪು ಹಿಂದೆ ಸೀಳಿರಬಹುದು, ನಮ್ಮದು ಹಾಗೇ ಇತ್ತು. ಸೀಳಿದ ತುಂಡನ್ನು ಅಂಟು ಹಾಕಿ ಉಳಿಸಲು ಹೋಗಬೇಡಿ. ಆ ಒಂದು ತುಂಡು ಬದಲಾಯಿಸಿ, ಕೆಳಗಿನ ಎಲ್ಬೋವನ್ನು ಒಂದೇ ಸ್ಕ್ರೂವಿನಲ್ಲಿ ನಿಲ್ಲಿಸಿ. ಎಲೆ ಉದುರುವ ಕಾಲಕ್ಕೆ ಬಿಚ್ಚಿ ನೋಡಲು ಸುಲಭವಾಗುತ್ತದೆ.